ಅಳಿಸಿದರೂ ಜಾಗ ಬಿಡದ ಸನ್ಮಾನ

ಮದ್ದೂರು, ಮಳವಳ್ಳಿ ಕಡೆಯ ಅರ್ಧಕ್ಕರ್ಧ ಮದುವೆಗಳಲ್ಲಿ ಯಾರು ಅತ್ತರು, ಯಾರು ಅತ್ತಂತೆ ನಟಿಸಿದರು ಎಂಬುದು ಶಬ್ರೀನ್‌ಗೆ ಗೊತ್ತು. ಮದ್ದೂರಿನ ಪುಟ್ಟರಾಜು ಸ್ಟುಡಿಯೋದಲ್ಲಿ ಹನ್ನೊಂದು ವರ್ಷದಿಂದ ವಿಡಿಯೋ ಮಿಕ್ಸಿಂಗ್ ಅವಳದೇ. ಅವುಗಳಲ್ಲಿ ಒಂದು ಮದುವೆಗೂ ಹೋದವಳಲ್ಲ.

ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸ್ಟುಡಿಯೋದ ಸರ್ವರ್ ತುಂಬಿಹೋಗಿತ್ತು. ವೈದ್ಯನಾಥಪುರದವರ ಹಿಂದಿನ ರಾತ್ರಿಯ ಆರತಕ್ಷತೆ ಇನ್ನೂ ಕ್ಯಾಮೆರಾದ ಕಾರ್ಡುಗಳಲ್ಲೇ ಕೂತಿತ್ತು. ಅವನ್ನು ಖಾಲಿ ಮಾಡಿ ಕಳಿಸದಿದ್ದರೆ ಒಂಬತ್ತೂವರೆಯ ಧಾರೆ ಹಿಡಿಯುವುದು ಯಾತರಲ್ಲಿ?

"ಬೆಳಕವಾಡಿ ಮದ್ವೆ ಅಳಿಸ್ಬುಡು," ಎಂದರು ಪುಟ್ಟರಾಜು.

"ಅಣ್ಣ, ಅವ್ರಿಗಿನ್ನೂ ವಿಡಿಯೋ ಕೊಟ್ಟಿಲ್ಲ. ಬೇರೆ ಕಾಪಿನೂ ಇಲ್ಲ."

"ವೋದ್ ತಿಂಗ್ಳು ನನ್ ಸನ್ಮಾನದ್ದೇ ಅಳಿಸ್ನಿಲ್ವ? ತ್ಯಾಗ ಅಂದ್ರೆ ಅದು ಕಣಮ್ಮ."

ಪುಟ್ಟರಾಜು ತಾಲ್ಲೂಕು ಛಾಯಾಗ್ರಾಹಕರ ಬಳಗದ ಅಧ್ಯಕ್ಷರು. ಬಳಗ ಮಾಡಿದ ಆ ಸನ್ಮಾನವನ್ನು ಅವರದೇ ಆರು ಕ್ಯಾಮೆರಾಗಳು, ಹಾರ ತರುವುದಕ್ಕೆ ಮೊದಲಿನಿಂದಲೇ, ಹಿಡಿದಿದ್ದವು.

ಶಬ್ರೀನ್ ಒಂದೊಂದೇ ಫೋಲ್ಡರಿನ ಗಾತ್ರ ಕೂಡಿಸಿದಳು. ಎಲ್ಲ ಸೇರಿ ಐದು ಟಿಬಿ. ಸರ್ವರ್ ಮಾತ್ರ ತನ್ನ ಎಂಟು ಟಿಬಿಯೂ ತುಂಬಿದೆ ಎನ್ನುತ್ತಿತ್ತು. ಕಸದ ಬುಟ್ಟಿ ಖಾಲಿ. ಮರೆಯಲ್ಲಿದ್ದ ಫೈಲುಗಳನ್ನೂ ಜಾಲಾಡಿದಳು. ಉಳಿದ ಮೂರು ಎಲ್ಲಿ?

ಕಾರ್ಡು ತಂದಿದ್ದ ಕ್ಯಾಮೆರಾಮನ್ ರಘುನಂದನ್ ಬಾಗಿಲಿಂದ ಕೂಗಿದ: "ಅಕ್ಕೋ, ಗಂಡಿಗೆ ಬಾಸಿಂಗ ಕಟ್ತಾವ್ರಂತೆ!"

"ಜರುಗು, ನಾನೇ ಅಳಿಸ್ತೀನಿ," ಎಂದು ಪುಟ್ಟರಾಜು ಮೌಸಿಗೆ ಕೈ ಹಾಕಿದರು.

ಶಬ್ರೀನ್ ಕುರ್ಚಿ ಬಿಡಲಿಲ್ಲ. ಬೀದಿಗೆ ಮುಖ ಮಾಡಿದ್ದ ಟಿವಿಯ ಬಿಂಬ ಬಾಗಿಲ ಗಾಜಿನಲ್ಲಿ ಕಂಡಿತು. ಅದರೊಳಗೆ ಪುಟ್ಟರಾಜು ಹಾರಕ್ಕೆ ಕತ್ತು ಬಗ್ಗಿಸುತ್ತಿದ್ದರು.

"ಅಣ್ಣ, ಅಳಿಸಿದ್ದು ಎಂಗೆ ಓಡ್ತಾ ಐತೆ?"

"ಟಿವಿದು ಟಿವೀಲೈತೆ ಕಣಮ್ಮ. ಆ ಧೈರ್ಯಕ್ಕೇ ಇದ್ರಲ್ಲಿ ಅಳಿಸಿದ್ದು!"

ಟಿವಿಯೊಳಗೆ ಏನೂ ಇರಲಿಲ್ಲ. ಆಯುಧಪೂಜೆಯ ದಿನ ಸರ್ವರಿಗೆ ಕುಂಕುಮ ಇಟ್ಟು, ಟಿವಿಯಲ್ಲಿ ತಮ್ಮ ಸನ್ಮಾನ ಓಡುವುದನ್ನು ಇನ್ನು ಯಾರೂ ನಿಲ್ಲಿಸಕೂಡದೆಂದು ಪುಟ್ಟರಾಜು ಅಪ್ಪಣೆ ಮಾಡಿದ್ದರು. ಅಂದಿನಿಂದ ಅದು ಆ ಫೈಲುಗಳನ್ನು ಟಿವಿಗೆ ಓಡಿಸುತ್ತಲೇ ಇತ್ತು. ಓಡುತ್ತಿರುವ ಫೈಲನ್ನು ಅಳಿಸಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಓಟ ನಿಲ್ಲುವ ತನಕ ಅದು ಹಿಡಿದ ಜಾಗ ಬಿಡುವುದಿಲ್ಲ.

"ಇದ್ನ ನಿಲ್ಸಿದ್ರೆ ಮೂರು ಟಿಬಿ ಸಿಕ್ತದೆ. ಆದ್ರೆ ನಿಮ್ ಸನ್ಮಾನ ಮತ್ತೆ ಬರಲ್ಲ."

"ಬೇರೆ ಕಡೆ ಎತ್ತಿಕ್ಕಮ್ಮ."

"ಜಾಗ ಎಲ್ಲೈತಣ್ಣ? ಇದ್ನ ನಿಲ್ಸ್ಲಾ, ಬೆಳಕವಾಡಿಯವ್ರುದ್ನ ಅಳಿಸ್ಲಾ? ನೀವೇ ಯೋಳಿ."

ಪುಟ್ಟರಾಜು ಹೊರಗೆ ಹೋಗಿ ಟಿವಿಯ ಮುಂದೆ ನಿಂತರು. "ಪೇಟ ಇಕ್ಕೋಗಂಟ ತಡಿ."

ಪೇಟ ಚಿಕ್ಕದಾಗಿತ್ತು. ತಲೆಗೆ ಕೂರಿಸಲು ಮೂವರು ಬೇಕಾದರು. ರಘುನಂದನ್ ಗಾಡಿಯಲ್ಲಿ ಕೂತು ಹಾರ್ನ್ ಒತ್ತುತ್ತಲೇ ಇದ್ದ.

"ನಿಲ್ಸು," ಎಂದರು ಪುಟ್ಟರಾಜು, ತಿರುಗಿ ನೋಡದೆ.

ಶಬ್ರೀನ್ ನಿಲ್ಲಿಸಿ ಮೊದಲ ಕಾರ್ಡು ಸಿಕ್ಕಿಸಿದಳು. ಪುಟ್ಟರಾಜು ಕಪ್ಪಾದ ಟಿವಿಯಲ್ಲಿ ಕೂದಲು ಸರಿಮಾಡಿಕೊಂಡು ಒಳಬಂದರು. "ಬಿರ್‍ರನೆ ಮಾಡಮ್ಮ. ಧಾರೆ ತಪ್ಪೋದ್ರೆ ಅಧ್ಯಕ್ಷನ ಮರ್ಯಾದೆ ಏನಾಗ್ಬೇಡ?"