ಚಂದ್ರಕ್ಕನ ಹೊಸ್ತಿಲು

ನಮ್ಮೂರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನಿಗೆ ರಜೆ. ಆ ರಜೆಯನ್ನೇ ನಂಬಿಕೊಂಡು ಎಪ್ಪತ್ತನಾಲ್ಕರಲ್ಲಿ ನಾವು ಮನೆ ಕಟ್ಟಲು ಹೊರಟೆವು. ಊರೆಂದರೆ ಮಾಡದಕೆರೆಯ ಆಚೆಗಿನ ಒಂದು ಸಣ್ಣ ಹಳ್ಳಿ. ನಾನು ಅಲ್ಲಿ ಶಾಲೆಯ ಮೇಷ್ಟ್ರು. ಮನೆಯಿಲ್ಲದ ಹನ್ನೊಂದು ಕುಟುಂಬಗಳಿಗೆ ಸರ್ಕಾರ ನಿವೇಶನ ಕೊಟ್ಟು, ಜೊತೆಗೆ ಒಂದಿಷ್ಟು ಹೆಂಚು ಕೊಟ್ಟು ಕೈತೊಳೆದುಕೊಂಡಿತ್ತು. ಗೋಡೆ ಎಬ್ಬಿಸುವವರು ಯಾರು? ಪ್ರತಿ ಸೋಮವಾರ ಊರೆಲ್ಲ ಸೇರಿ, ಒಬ್ಬರದಾದ ಮೇಲೆ ಒಬ್ಬರ ಮನೆ ಕಟ್ಟುವುದೆಂದು ತೀರ್ಮಾನವಾಯಿತು. ಗಾಡಿ ಹೂಡುವಂತಿಲ್ಲವಾದ್ದರಿಂದ ಕಲ್ಲು, ಮಣ್ಣು ಎಲ್ಲವೂ ತಲೆಯ ಮೇಲೆಯೇ. ನಾನೂ ಶಾಲೆಯ ಗಂಟೆ ಹೊಡೆಯುವ ಮುಂಚೆ ನಾಲ್ಕು ಬುಟ್ಟಿ ಹೊತ್ತು, ಊರನ್ನೇ ಹೊತ್ತವನಂತೆ ಬೀಗುತ್ತಿದ್ದೆ.

ನಿಜವಾಗಿ ದುಡಿದವಳು ಚಂದ್ರಕ್ಕ. ಗೋಡೆಯ ಮಣ್ಣು ತುಳಿಯುವುದು ಅವಳ ಕೆಲಸ. ನೀರು, ಹುಲ್ಲು ಬೆರೆಸಿದ ಮಣ್ಣನ್ನು ಮೊಣಕಾಲುದ್ದ ಇಳಿದು ತುಳಿಯುವಳು. ಅದು ಹದಕ್ಕೆ ಬಂದು ಅವಳು ‘ಸಾಕು’ ಅನ್ನುವವರೆಗೆ ಒಬ್ಬರೂ ಗೋಡೆಗೆ ಒಂದು ಮುದ್ದೆ ಇಡುತ್ತಿರಲಿಲ್ಲ. ಗಂಡ ಸತ್ತ ಮೇಲೆ ಗೌಡರ ದನದ ಕೊಟ್ಟಿಗೆಯ ಮೂಲೆಯಲ್ಲಿ ಅವಳ ಬಾಳು. ಒಬ್ಬಳೇ ಮಗಳು ನಿಂಗಿಯನ್ನು ಹಿರಿಯೂರಿನ ಹತ್ತಿರ ಆದಿವಾಲಕ್ಕೆ ಕೊಟ್ಟಿದ್ದಳು. ನಿನಗೆ ತವರು ಅಂತ ಇರುವುದೇ ಕೊಟ್ಟಿಗೆ ಎಂದು ಅಲ್ಲಿಯ ಅತ್ತೆ ಚುಚ್ಚುತ್ತಿದ್ದಳಂತೆ. ಮಗಳ ಚೊಚ್ಚಲ ಬಾಣಂತನ ತನ್ನ ಮನೆಯಲ್ಲಿ ಆಗಬೇಕು, ಚಂದ್ರಕ್ಕನಿಗೆ ಬೇಕಿದ್ದದ್ದು ಅಷ್ಟೇ.

ಊರ ಹಿರಿಯ ಮೂಡಲಗಿರಿಯಪ್ಪನದು ಒಂದು ಕಟ್ಟುನಿಟ್ಟು. ಮನೆಯಲ್ಲಿ ಬಸುರಿ ಇದ್ದರೆ ಹೊಸ್ತಿಲು ಇಟ್ಟು ಬಾಗಿಲು ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಬಸಿರಿಗೆ ಕೇಡು. ಜಂಪಣ್ಣನ ಹೆಂಡತಿ ಬಸುರಿಯೆಂದು ಅವನ ಸರದಿ ಮೂರನೆಯದರಿಂದ ಕೊನೆಗೆ ಹೋಯಿತು. ಹೆರಿಗೆಗೆ ಬರುವ ಮಗಳಿದ್ದರೂ ಅಷ್ಟೇ, ಅದೂ ಆ ಮನೆಯ ಬಸಿರೇ ಎಂದು ಆತ ಆಗಲೇ ಹೇಳಿಬಿಟ್ಟಿದ್ದ.

ಚಂದ್ರಕ್ಕನ ಸರದಿ ಆರನೆಯದು. ಇನ್ನೇನು ಅವಳ ಬಾಗಿಲು ನಿಲ್ಲಿಸಬೇಕು ಅನ್ನುವ ವಾರ ಆದಿವಾಲದಿಂದ ಒಂದು ಕಾರ್ಡು ಬಂತು. ಅವಳಿಗೆ ಓದು ಬಾರದು, ಶಾಲೆಗೆ ತಂದಳು. ನಿಂಗಿಗೆ ಐದು ತಿಂಗಳು, ಏಳಕ್ಕೆ ಬರುತ್ತಾಳೆ. ಅಷ್ಟು ಓದಿ ಕಾರ್ಡು ವಾಪಸು ಕೊಟ್ಟೆ. ಚಂದ್ರಕ್ಕ ಮೊದಲು ನಕ್ಕಳು, ಆಮೇಲೆ ಮುಖ ಸಣ್ಣಗಾಯಿತು. ಮೂಡಲಗಿರಿಯಪ್ಪನಿಗೆ ಹೇಳಿಬಿಡುತ್ತೇನೆ, ಸರದಿ ಹೋದರೆ ಹೋಗಲಿ ಎಂದಳು. ನನಗೆ ಇಂಥ ನಂಬಿಕೆಗಳೆಂದರೆ ಮೈಯೆಲ್ಲ ಉರಿ. ನಾಲ್ಕು ಅಕ್ಷರ ಕಲಿತ ಗರ್ವ ಬೇರೆ.

“ಯಾರಿಗೂ ಹೇಳಬ್ಯಾಡ ಚಂದ್ರಕ್ಕ. ಬಾಗಿಲ ಮರಕ್ಕೇನು ಗೊತ್ತಾಗ್ತೈತೆ ಬಸಿರಿನ ಸುದ್ದಿ?” ಎಂದೆ.

ಅವಳು ನನ್ನ ಮಾತು ನಂಬಿದಳು. ಆ ಸೋಮವಾರ ಬಾಗಿಲು ನಿಂತಿತು. ಎರಡು ತಿಂಗಳಲ್ಲಿ ಹೆಂಚು ಹೊದಿಸಿ, ಹಾಲುಕ್ಕಿಸಿಯೂ ಆಯಿತು. ನಿಂಗಿ ತುಂಬಿದ ಹೊಟ್ಟೆ ಹೊತ್ತು ಬಸ್ಸಿಳಿದು ಬಂದಾಗ ಹೆಂಗಸರು ಬೆರಳು ಮಡಿಸಿ ತಿಂಗಳು ಎಣಿಸಿದರು. ಆದರೆ ಯಾರೂ ಬಾಯಿ ಬಿಡಲಿಲ್ಲ. ಹುಡುಗಿ ಎಲ್ಲರಿಗೂ ಬೇಕಾದವಳು.

ಹೆರಿಗೆ ನೋವು ಶುರುವಾದದ್ದೂ ಒಂದು ಸೋಮವಾರವೇ. ಮಗು ಉಸಿರಿಲ್ಲದೆ ಹುಟ್ಟಿತು, ರಕ್ತ ನಿಲ್ಲಲೇ ಇಲ್ಲ. ಆಸ್ಪತ್ರೆಗೆ ಒಯ್ಯಲು ಹೊಸದುರ್ಗದ ಬಸ್ಸು ಹೋಗಿಯಾಗಿತ್ತು. ಗಾಡಿ ಹೂಡಲು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಮೂಡಲಗಿರಿಯಪ್ಪ ತನ್ನ ಎತ್ತುಗಳನ್ನು ತಾನೇ ಬಿಚ್ಚಿ ತಂದ. ಜೀವಮಾನದಲ್ಲಿ ಸೋಮವಾರ ನೊಗ ಮುಟ್ಟದವನು ಅಂದು ಎತ್ತಿಗೆ ಬಾರುಕೋಲು ಬೀಸಿದ. ಅರ್ಧ ದಾರಿಯಲ್ಲಿ ನಿಂಗಿ ಅವ್ವನ ತೊಡೆಯ ಮೇಲೆ ತೀರಿಕೊಂಡಳು.

ಮುಂದಿನ ಸೋಮವಾರ ಕೆಲಸಕ್ಕೆ ಒಬ್ಬರೂ ಬರಲಿಲ್ಲ. ಐದು ಮನೆ ಬಾಕಿಯಿದ್ದವು. ಬೇವಿನ ಮರದ ಕೆಳಗೆ ಊರು ಕೂಡಿತು. ಚಂದ್ರಕ್ಕನ ಜೊತೆ ಇನ್ನೂ ಯಾರೋ ಕೇಡು ತಿಳಿದೂ ಬಾಗಿಲು ನಿಲ್ಲಿಸಿದ್ದರೆ ಇನ್ನು ಆ ಹೊಸ ಕೇರಿಗೆ ಕಾಲಿಡುವುದಿಲ್ಲ ಎಂದರು ಕೆಲವರು. ಮೂಡಲಗಿರಿಯಪ್ಪ ಬೈಯಲಿಲ್ಲ. ಸೋತ ದನಿಯಲ್ಲಿ, ಆದಿವಾಲದಿಂದ ಕಾಗದ ಬಂದಿದ್ದರೆ ಅದನ್ನು ಓದಿದವರು ಯಾರು ಎಂದಷ್ಟೇ ಕೇಳಿದ. ಊರಲ್ಲಿ ಕಾಗದ ಓದುವವನು ನಾನೊಬ್ಬನೇ.

ಚಂದ್ರಕ್ಕ ಎದ್ದು ನಿಂತಳು. “ಕಾಗದ ಬಂದಿರಲಿಲ್ಲ. ಅಳಿಯ ಬಾಯಲ್ಲೇ ಹೇಳಿ ಹೋಗಿದ್ದ. ನನಗೊಬ್ಬಳಿಗೇ ಗೊತ್ತಿದ್ದದ್ದು, ತಪ್ಪು ನಂದೇ. ಉಳಿದೋರ ಮನೆ ನಿಲ್ಲಿಸಬ್ಯಾಡ್ರಿ.”

ನಾನು ಸುಮ್ಮನಿದ್ದೆ. ನಿಜ ಹೇಳಿದರೆ ಐದು ಮನೆ ನಿಂತುಹೋಗುತ್ತವೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ಐದೂ ಮನೆ ಎದ್ದವು. ಐದಕ್ಕೂ ಮಣ್ಣು ತುಳಿದವಳು ಚಂದ್ರಕ್ಕನೇ, ಜಂಪಣ್ಣನ ಮನೆಯೂ ಸೇರಿ. ತನ್ನ ಮನೆಯ ಹೊಸ್ತಿಲನ್ನು ಮಾತ್ರ ಅವಳು ಮತ್ತೆ ದಾಟಲಿಲ್ಲ. ಅಡುಗೆ, ಊಟ, ನಿದ್ದೆ ಎಲ್ಲ ಜಗಲಿಯ ಮೇಲೆಯೇ. ರಕ್ತಸ್ರಾವಕ್ಕೂ ಹೊಸ್ತಿಲಿಗೂ ಸಂಬಂಧವಿಲ್ಲವೆಂದು ನಾನು ಎಷ್ಟೋ ಸಲ ಹೇಳಿದೆ. ಅವಳು ಜಗಲಿಯ ಒಲೆಗೆ ಇನ್ನೊಂದು ಸೌದೆ ಇಡುತ್ತಿದ್ದಳು.

ಎಪ್ಪತ್ತೊಂಬತ್ತರಲ್ಲಿ ನನಗೆ ಹೊಳಲ್ಕೆರೆ ಕಡೆಗೆ ವರ್ಗವಾಯಿತು. ಕ್ಷಮೆ ಕೇಳಬೇಕೆಂದೇ ಅವಳ ಜಗಲಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಅವಳು ಸೀರೆಯ ಗಂಟು ಬಿಚ್ಚಿ ಆ ಕಾರ್ಡನ್ನು ಕೈಗಿಟ್ಟಳು. ಮಡಿಕೆಯಲ್ಲಿ ಹರಿದಿತ್ತು.

“ಇದನ್ನ ನೀವೇ ಒಯ್ರಿ ಮೇಷ್ಟ್ರೇ. ನಾನು ಸತ್ತ ಮ್ಯಾಲೆ ಯಾರ ಕೈಗಾರ ಸಿಕ್ಕೀತು, ನಿಮಗ್ಯಾಕೆ ಕೆಟ್ಟ ಹೆಸರು? ಒಂದು ಸಲ ಓದಿ ಹೇಳ್ರಿ, ಸಾಕು.”

ಓದಿದೆ. ಕೊನೆಯಲ್ಲಿ ಅಂಚಿಗೆ ಒತ್ತಿ ಬರೆಸಿದ ಒಂದು ಸಾಲಿತ್ತು. ಅಂದು ಅವಸರದಲ್ಲಿ ನಾನು ಅದನ್ನು ಓದಿರಲೇ ಇಲ್ಲ: ‘ಅವ್ವಾ, ಹೊಸ ಮನೇಲಿ ಒಲೆ ಯಾವ ಕಡೆ ಹಾಕ್ಸೀಯ?’

ಚಂದ್ರಕ್ಕ ಮುಚ್ಚಿದ ಬಾಗಿಲ ಕಡೆ ತಿರುಗಿದಳು.

“ಮೂಡ್ಲ ಕಡೆ ಹಾಕ್ಸೀನಿ ನಿಂಗಿ,” ಎಂದಳು.