ಚಿಂದಿ ಚೆಂಡಿನ ಭಯ

ಮೊನ್ನೆ ಟೈಲರ್ ಅಂಗಡಿಯಿಂದ ಬಟ್ಟೆ ಚೂರು ತಂದು ಚೆಂಡು ಹೊಲಿಯುತ್ತ ಕೂತಿದ್ದೆ. ತರಬೇತಿಯಲ್ಲಿ ‘ಇಂಗ್ಲಿಷ್ ಕ್ಲಾಸಿನಲ್ಲಿ ಆಟ ಆಡಿಸಿ’ ಎಂದಿದ್ದರು; ನನಗೆ ಗೊತ್ತಿದ್ದ ಆಟ ಇದೊಂದೇ. ಚೂರುಗಳಿಂದ ಮಷೀನಿನ ಎಣ್ಣೆಯ ವಾಸನೆ ಬಂದದ್ದೇ ತಡ, ಸೂಜಿ ಕೆಳಗಿಟ್ಟುಬಿಟ್ಟೆ. ಗೋವಿನಕೋವಿ ಕಡೆಯ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಇಂಗ್ಲಿಷ್ ಕಲಿಸುವವಳು ಚಿಂದಿ ಚೆಂಡಿಗೆ ಹೆದರುತ್ತಾಳೆಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ.

ಬಿಳಿಚೋಡಿನಲ್ಲಿ ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ಬಂಗಾರದಂಥ ಮನುಷ್ಯ. ಮಕ್ಕಳು ಬಾಯಿ ಬಿಡಲಿ ಎಂದು ಈ ಆಟ ಕಟ್ಟಿದ್ದರು. ನಮಗೆ ಬೆನ್ನು ಹಾಕಿ ನಿಂತು ಡಸ್ಟರಿನಿಂದ ಮೇಜು ಕುಟ್ಟುವರು. ಅಷ್ಟು ಹೊತ್ತೂ ಚೆಂಡು ಕೈಯಿಂದ ಕೈಗೆ ಹೋಗಬೇಕು. ಕುಟ್ಟುವುದು ನಿಂತಾಗ ಚೆಂಡು ಯಾರ ಕೈಯಲ್ಲಿದೆಯೋ ಅವರು ಎದ್ದು ತಮ್ಮ ಹೆಸರು, ಊರು, ಇಷ್ಟದ ತಿಂಡಿ ಇಂಗ್ಲಿಷಿನಲ್ಲಿ ಹೇಳಬೇಕು. “ಆಟ ಕಣ್ರೋ, ಹೆದರಾಕೆ ಏನೈತೆ?” ಎನ್ನುವರು. ಎಲ್ಲರೂ ಕುಣಿಯುವರು. ನನಗೆ ಮಾತ್ರ ಅಂಗೈ ಬೆವರುತ್ತಿತ್ತು.

ನನಗೆ ಉಗ್ಗು. ಬೇರೆ ಮಾತಾದರೆ ಸುತ್ತಿ ಬಳಸಿ ದಾಟಿಸಬಹುದು. ಅನ್ನ ಎನ್ನಲಾಗದಿದ್ದರೆ ಊಟ ಎಂದರಾಯಿತು. ಹೆಸರಿಗೆ ಬದಲಿ ಎಲ್ಲಿದೆ, ಹೇಳಿ?

ಕಾಪಾಡುತ್ತಿದ್ದವಳು ಪಕ್ಕದಲ್ಲಿ ಕೂರುತ್ತಿದ್ದ ಶಾಹೀನ. ಟೈಲರ್ ಮಗಳು, ಚೆಂಡು ಅವಳಪ್ಪ ಹೊಲಿದುಕೊಟ್ಟದ್ದೇ. ನನ್ನ ಕೈಗೆ ಬರುವ ಮೊದಲೇ ಚಕ್ಕನೆ ಕಸಿದುಕೊಳ್ಳುವಳು. “ನೀ ಸುಮ್ನೆ ಕುಂತ್ಕಳೆ, ನಾನಿಲ್ವಾ?” ಎನ್ನುವಳು.

ಒಂದು ದಿನ ಅವಳಿಗೆ ಜ್ವರ, ಬರಲಿಲ್ಲ. ಚೆಂಡು ನನ್ನ ಮಡಿಲಿಗೆ ಬಿತ್ತು, ಡಸ್ಟರು ನಿಂತಿತು. ಎದ್ದೆ. “ಮೈ ನೇಮ್ ಈಸ್” ಎಂದವಳಿಗೆ ಮುಂದೆ ತುಟಿ ಅಂಟಿಕೊಂಡಿತು. ಇಡೀ ಕ್ಲಾಸು ಕಾಯುತ್ತಿದೆ. ಕೊನೆಗೆ ಬಾಯಿಗೆ ಬಂದದ್ದು, “ಶಾಹೀನ.”

ನಗುವೋ ನಗು. “ಏನವ್ವಾ, ನಿನ್ನ ಹೆಸ್ರೇ ಮರ್ತೋತಾ?” ಎಂದು ಮೇಷ್ಟ್ರೂ ನಕ್ಕರು. ಪಾಪ, ಅವರಿಗೇನು ಗೊತ್ತು. ಅಂದಿನಿಂದ ಹತ್ತು ಜನರ ಮುಂದೆ ನನ್ನ ಹೆಸರನ್ನು ನಾನು ಹೇಳಿಲ್ಲ. ಪ್ರತಿ ವರ್ಷ ಹೊಸ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಬಿಡುತ್ತೇನೆ. ಅಕ್ಷರ ಮುದ್ದಾಗಿದೆ ಎಂದು ಹೊಗಳಿಸಿಕೊಂಡಿದ್ದೂ ಇದೆ!

ನಿನ್ನೆ ಚೆಂಡು ಕೊಟ್ಟು, ಮಕ್ಕಳಿಗೆ ಬೆನ್ನು ಹಾಕಿ, ಮೇಜು ಕುಟ್ಟಿ ನಿಲ್ಲಿಸಿದೆ. ತಿರುಗಿದರೆ ಮೂರನೇ ಬೆಂಚಿನ ಮಂಜುಳಾ ಚೆಂಡನ್ನು ಎದೆಗೊತ್ತಿ ನಿಂತಿದ್ದಾಳೆ. “ಮೈ ನೇಮ್ ಈಸ್...” ತುಟಿ ಅಂಟಿದೆ.

“ಮಿಸ್, ಅವಳಿಗೆ ಮಾತಾಡಾಕೆ ಬರಲ್ರೀ,” ಎಂದು ಯಾರೋ ಕಿಸಕ್ಕನೆ ನಕ್ಕರು.

ಅಯ್ಯೋ, ಈ ಸಲ ಡಸ್ಟರು ಹಿಡಿದವಳು ನಾನೇ! “ಹೆದರಾಕೆ ಏನೈತೆ” ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಏನೈತೆ ಅಂತ ನನಗೆ ಗೊತ್ತಿತ್ತು.

ಹತ್ತಿರ ಹೋಗಿ ಚೆಂಡು ಇಸಿದುಕೊಂಡೆ. “ಮೈ ನೇಮ್ ಈಸ್ ಭ... ಭ...” ಎಷ್ಟು ಹೊತ್ತಾಯಿತೋ ತಿಳಿಯದು. “...ಭಾಗ್ಯ.”

ಭಯ ಹೋಯಿತೆಂದರೆ ಸುಳ್ಳಾದೀತು. ಈಗಲೂ ಇದೆ. ಆದರೆ ನನ್ನನ್ನೇ ನೋಡುತ್ತಿದ್ದ ಮಂಜುಳಾ ಮೆಲ್ಲಗೆ ಕೈ ಚಾಚಿದಳು.

“ಚೆಂಡು ಕೊಡ್ರೀ, ಮಿಸ್.”