ನಾಗೂ, ನಿನ್ನ ಐಡಿ ಬ್ಯಾನ್ ಆಗಿದ್ದು ನನ್ನಿಂದ

ನಾಗೂ, ನಿನ್ನ ಗೇಮ್ ಐಡಿ ಬ್ಯಾನ್ ಆಗುವ ಹಾಗೆ ಮಾಡಿದವಳು ನಾನು. ನೀನು ಅಂದುಕೊಂಡ ಹಾಗೆ ಗಣೇಶ ಅಲ್ಲ. ನಾಲ್ಕು ವರ್ಷದಿಂದ ಈ ಒಂದು ಮಾತನ್ನು ನಿನಗೆ ಹೇಳದೆ ಮುಚ್ಚಿಟ್ಟುಕೊಂಡಿದ್ದೇನೆ.

ಹೊನ್ನೆಮರಡಿನ ನಿಮ್ಮ ಮನೆಯಲ್ಲಿ ಟವರ್ ಸಿಗುತ್ತಿರಲಿಲ್ಲ. ದಿನಕ್ಕೊಂದು ಸಲ ಲಾಗಿನ್ ಆಗದಿದ್ದರೆ ಗೇಮಿನ ಬಹುಮಾನ ತಪ್ಪುತ್ತದೆಂದು ಪಾಸ್‌ವರ್ಡನ್ನು ನೀನೇ ನನಗೂ ಗಣೇಶನಿಗೂ ಕೊಟ್ಟಿದ್ದೆ — ನಾವಿಬ್ಬರೂ ಕಾರ್ಗಲ್ ಕಾಲೊನಿಯವರು, ಸಿಗ್ನಲ್‌ಗೆ ಬರವಿಲ್ಲ. ಊರಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಬೀಗದ ಕೈ ಕೊಟ್ಟ ಹಾಗೆ.

ಟೀಮಿನಲ್ಲಿ ನೀವೆಲ್ಲ ನನ್ನ ಆಟವನ್ನು ಎಷ್ಟು ಆಡಿಕೊಳ್ಳುತ್ತಿದ್ದಿರಿ! "ಸುಮಕ್ಕ ಬಂದ್ರೆ ಟೀಮ್ ಮುಳುಗಿದ್ಹಂಗೆ." ಮೈಯೆಲ್ಲ ಉರಿಯುತ್ತಿತ್ತು. ಗೇಮಿನಲ್ಲಿ ಗೋಡೆಯ ಹಿಂದೆ ಅವಿತ ಎದುರಾಳಿಗಳನ್ನೂ ತೋರಿಸುವ ಹ್ಯಾಕ್ ಅನ್ನುವ ಕಳ್ಳ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡೆ. ಸಿಕ್ಕಿಬಿದ್ದರೆ? ಅದಕ್ಕೇ ಮೊದಲು ನಿನ್ನ ಐಡಿಯಲ್ಲಿ ಆಡಿ ನೋಡಿದೆ — ಗೇಮಿನ ಕಂಪನಿಯವರು ಹಿಡಿಯದಿದ್ದರೆ ಆಮೇಲೆ ನನ್ನದರಲ್ಲಿ ಆಡೋಣ ಅಂತ. ಥೂ, ಎಂಥ ಬುದ್ಧಿ ನನ್ನದು.

ಸಾಗರದ ಟೂರ್ನಮೆಂಟಿನ ದಿನವೇ ಬ್ಯಾನ್ ಬಿತ್ತು. ಎಲ್ಲರೆದುರು ನಿನ್ನನ್ನು ಕಳ್ಳ ಅಂದರು. ನಿನ್ನ ಮುಖ ನೋಡಲಾರದೆ ಬಾಯಿ ತೆರೆದೆ — ನಿಜ ಹೇಳಲೆಂದೇ ತೆರೆದೆ ಅಂತ ಈಗ ಅಂದುಕೊಳ್ಳುತ್ತೇನೆ, ಅದೂ ಸುಳ್ಳಿರಬಹುದು — ಬಂದ ಮಾತು ಬೇರೆ.

"ನಾಗು ಅಂಥವನಲ್ಲ. ಪಾಸ್‌ವರ್ಡ್ ಇನ್ಯಾರ ಹತ್ರ ಇತ್ತೋ ನೋಡಿ."

ನೀನು ಗಣೇಶನ ಕಡೆ ತಿರುಗಿದೆ. ನನ್ನ ಕಡೆ ತಿರುಗಲೇ ಇಲ್ಲ.

ಅವತ್ತಿನಿಂದ ನೀವಿಬ್ಬರೂ ಮುಖ ಕೊಟ್ಟು ಮಾತಾಡಿಲ್ಲ. ನಾನು ಮಾತ್ರ ನಿನ್ನ ಪಾಲಿನ ದೇವರು! ಸಿಕ್ಕವರಿಗೆಲ್ಲ, "ಅವತ್ತು ನನ್ ಪರ ನಿಂತಿದ್ದು ಸುಮಕ್ಕ ಒಬ್ಳೇ" ಅನ್ನುತ್ತೀಯ. ಕೇಳಿದಾಗೆಲ್ಲ ಎದ್ದು ಓಡಬೇಕು ಅನ್ನಿಸುತ್ತದೆ. ಎಲ್ಲಿಗೆ ಓಡಲಿ — ಹಲ್ಲು ಕಿರಿದು ಕೂರುತ್ತೇನೆ.

ಈಗ ಟೂರ್ನಮೆಂಟ್ ನಡೆಸುವವನು ನೀನು. ಆಟಗಾರರ ಫೋನಿನಲ್ಲಿ ಹ್ಯಾಕ್ ಇದೆಯಾ ಅಂತ ಪರೀಕ್ಷೆ ಮಾಡುವ ಕೆಲಸ ನನಗೆ — ನನಗೆ! ನಿನ್ನೆ ನೀನು ಹೆಸರುಗಳ ಪಟ್ಟಿ ಕೊಟ್ಟು, "ಗಣೇಶನ ಹೆಸ್ರು ಹೊಡ್ದು ಹಾಕು ಸುಮಕ್ಕ, ಕಳ್ರು ಬ್ಯಾಡ" ಅಂದೆ.

ಅವನ ಹೆಸರು ಹೊಡೆದು ಹಾಕಲಿಲ್ಲ. ಇವತ್ತು ಮಧ್ಯಾಹ್ನ ಗಣೇಶನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. "ನಾಗುಗೆ ಹೇಳಿದ್ಯಾ?" ಅಂತಷ್ಟೇ ಕೇಳಿದ. ಇಲ್ಲ ಅಂದೆ.

ಈಗ ಹೇಳಿದ್ದೇನೆ. ನನ್ನನ್ನು ಏನು ಬೇಕಾದರೂ ಅನ್ನು, ಆಮೇಲೆ ಅನ್ನು. ಗಣೇಶ ಮನೆಯಲ್ಲೇ ಇದ್ದಾನೆ. ಮೊದಲು ಅಲ್ಲಿಗೆ ಹೋಗು.